ಜೂನ್ ಒಂದು ಮತ್ತು ಕಾಣೆಯಾದ ಇಪ್ಪತ್ತೇಳು ಸಾಲುಗಳು

ನನ್ನ ಜನ್ಮದಿನ ಜೂನ್ 1. ನನ್ನ ಸಹಪಾಠಿಗಳಲ್ಲಿ ಬಹುಮಂದಿಯದೂ ಅದೇ. ನಮ್ಮ ತಲೆಮಾರಿನ ಹಳ್ಳಿಯ ಮಕ್ಕಳೆಲ್ಲ ಒಂದೇ ದಿನ ಹುಟ್ಟಿದವರೇನೂ ಅಲ್ಲ. ಶಾಲೆ ಆರಂಭವಾಗುವ ಹೊತ್ತಿಗೆ ವಯಸ್ಸು ಸರಿಹೊಂದಬೇಕು, ತಾಯಿಗೆ ನೆನಪಿರುವುದು ‘ದೊಡ್ಡ ಮಳೆ ಬಂದ ವರ್ಷ, ಹಬ್ಬ ಕಳೆದ ಮೇಲೆ’ ಎಂಬಷ್ಟೇ. ಮೇಷ್ಟರು ಒಮ್ಮೆ ಮಗುವಿನ ಮುಖ ನೋಡಿ, ಬಲಗೈಯನ್ನು ತಲೆಯ ಮೇಲಿಂದ ಬಳಸಿ ಎಡಗಿವಿ ಮುಟ್ಟಿಸಿ, ಜೂನ್ ಒಂದು ಎಂದು ಬರೆದುಬಿಡುತ್ತಿದ್ದರು. ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದ ನನ್ನ ತಂದೆಯೂ ಹೀಗೆಯೇ ನೂರಾರು ಮಕ್ಕಳಿಗೆ ಜನ್ಮದಿನವನ್ನು ದಯಪಾಲಿಸಿದವರು. ಸ್ವಂತ ಮಗನಿಗೂ ಅದನ್ನೇ ಕೊಟ್ಟರು. ತಿಂಗಳ ಮೊದಲ ದಿನ ಹುಟ್ಟಿದವನು ಹಿಂದಿನ ತಿಂಗಳ ಕೊನೆಯ ದಿನ ನಿವೃತ್ತನಾಗಬೇಕೆಂಬುದು ಸರ್ಕಾರಿ ನಿಯಮ. ಹಾಗಾಗಿ 2020ರ ಮೇ 31ರ ಭಾನುವಾರ, ಕೊರೋನಾ ಕಾಲದ ಆ ನಿಶ್ಶಬ್ದದಲ್ಲಿ, ಹಾರ ತುರಾಯಿಗಳಿಲ್ಲದೆ ನಾನು ನಿವೃತ್ತನಾದೆ.

ಜೂನ್ ಒಂದರ ಈ ಕಥೆ ಇಷ್ಟಕ್ಕೇ ಮುಗಿಯಿತೆಂದುಕೊಂಡಿದ್ದೆ. ಮೂರು ವರ್ಷಗಳ ತರುವಾಯ ಅದು ಗಣಕಯಂತ್ರದೊಳಗಿನಿಂದ ಎದ್ದುಬಂದು ನನ್ನ ಮುಂದೆ ನಿಂತಿತು. ಆ ಪ್ರಸಂಗವನ್ನು ಓದುಗ ಮಿತ್ರರೊಡನೆ ಹಂಚಿಕೊಳ್ಳಬೇಕೆನಿಸಿ ಇಂದು ಬರೆಯಲು ಕುಳಿತಿದ್ದೇನೆ. ನಡುವೆ ಸ್ವಲ್ಪ ಗಣಕದ ಪಾಠವೂ ಬರುತ್ತದೆ. ಗಣಿತದ ಮೇಷ್ಟರ ಚಟವೆಂದು ಸಹಿಸಿಕೊಳ್ಳಬೇಕು.

ನಾನು ದುಡಿದ ಪ್ರೌಢಶಾಲೆ ಆರಂಭವಾದದ್ದು 1973ರಲ್ಲಿ. 2023ರ ಸುವರ್ಣ ಮಹೋತ್ಸವಕ್ಕಾಗಿ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ, ಐವತ್ತು ವರ್ಷಗಳ ದಾಖಲಾತಿ ರಿಜಿಸ್ಟರುಗಳನ್ನು ಗಣಕಕ್ಕೆ ಏರಿಸಬೇಕೆಂದು ನಿಶ್ಚಯಿಸಿದರು. ರಿಜಿಸ್ಟರುಗಳ ಸ್ಥಿತಿ ನೋಡಿದರೆ ಅದು ತುರ್ತಿನ ಕೆಲಸವೇ ಆಗಿತ್ತು. ಮೊದಲ ಸಂಪುಟದ ಬೆನ್ನನ್ನು ಗೆದ್ದಲು ತಿಂದಿತ್ತು. ಕೆಲವು ಹಾಳೆಗಳನ್ನು ತಿರುವಿದರೆ ಅಂಚು ಪುಡಿಯಾಗಿ ಬೆರಳಿಗಂಟುತ್ತಿತ್ತು. ಬೆಂಗಳೂರಿನಲ್ಲಿ ತಂತ್ರಾಂಶದ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಡೇಟಾಬೇಸ್ ಸಿದ್ಧಪಡಿಸುವ ಹೊಣೆ ಹೊತ್ತ. ರಿಜಿಸ್ಟರಿನ ಅಕ್ಷರಗಳನ್ನು ಗುರುತಿಸಬಲ್ಲವನೆಂಬ ಕಾರಣಕ್ಕೆ ಮೇಲ್ವಿಚಾರಣೆ ನನ್ನ ಪಾಲಿಗೆ ಬಂತು.

ಕೆಲಸ ಸುಲಭವೆಂದೇ ತೋರಿತ್ತು. ಸ್ಪ್ರೆಡ್‌ಶೀಟಿನಲ್ಲಿ ಟೈಪು ಮಾಡುವುದು, ಅದನ್ನು ಸಿ.ಎಸ್.ವಿ. ಎಂಬ ಸರಳ ಪಠ್ಯದ ಕಡತವಾಗಿ ಹೊರತೆಗೆಯುವುದು, ಆ ಕಡತವನ್ನು ಡೇಟಾಬೇಸಿಗೆ ಒಳಸೇರಿಸುವುದು. ಹೊರತೆಗೆಯುವುದು ಎಕ್ಸ್‌ಪೋರ್ಟ್, ಒಳಸೇರಿಸುವುದು ಇಂಪೋರ್ಟ್. ಮನೆ ಬದಲಾಯಿಸುವಾಗ ಒಂದು ಮನೆಯ ಸಾಮಾನನ್ನು ಲಾರಿಗೆ ಹೇರಿ ಇನ್ನೊಂದು ಮನೆಗೆ ಇಳಿಸಿದಂತೆ. ಆದರೆ ಸಾಮಾನು ಒಡೆಯುವುದು ಮನೆಯಲ್ಲಲ್ಲ, ಹೇರುವಾಗ ಮತ್ತು ಇಳಿಸುವಾಗ ಎಂಬುದು ಬಾಡಿಗೆ ಮನೆಗಳಲ್ಲಿ ಬದುಕಿದ ನಮಗೆಲ್ಲ ಗೊತ್ತಿರುವ ಸತ್ಯ.

ಮೊದಲ ಕಡತ 2004ರಲ್ಲಿ ಅಂದಿನ ಗುಮಾಸ್ತರು ಆಸಕ್ತಿಯಿಂದ ಟೈಪು ಮಾಡಿಟ್ಟಿದ್ದದ್ದು. 1973ರಿಂದ 1990ರವರೆಗಿನ ಮಾಹಿತಿ. ತೆರೆಯ ಮೇಲೆ ಅಚ್ಚುಕಟ್ಟಾದ ಕನ್ನಡ. ಅದನ್ನೇ ಡೇಟಾಬೇಸಿಗೆ ಸೇರಿಸಿದಾಗ ಕನ್ನಡವೆಲ್ಲ ಮಾಯವಾಗಿ, ತಲೆಯ ಮೇಲೆ ಗೀಟು ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ಸಂತೆ ನೆರೆದಿತ್ತು. ನಾನು ಕಡತವೇ ಕೆಟ್ಟಿತೆಂದು ಗಾಬರಿಯಾದೆ. ಹುಡುಗ ಫೋನಿನಲ್ಲಿ ನಕ್ಕ. "ಸಾರ್, ಅದು ಕೆಟ್ಟಿಲ್ಲ, ವೇಷ ಕಳಚಿದೆ ಅಷ್ಟೆ" ಎಂದ.

ಅವನು ವಿವರಿಸಿದ ಮೇಲೆ ಅರ್ಥವಾಯಿತು. ಯೂನಿಕೋಡ್ ಬಳಕೆ ವ್ಯಾಪಕವಾಗುವ ಮುನ್ನ ನಾವು ಬಳಸುತ್ತಿದ್ದ ಕನ್ನಡ ಫಾಂಟುಗಳಲ್ಲಿ, ಗಣಕದ ಸ್ಮೃತಿಯಲ್ಲಿ ಉಳಿಯುತ್ತಿದ್ದದ್ದು ರೋಮನ್ ಲಿಪಿಗೆ ಮೀಸಲಾದ ಸಂಕೇತಗಳೇ. ಫಾಂಟು ಅವುಗಳಿಗೆ ಕನ್ನಡದ ರೂಪ ತೊಡಿಸಿ ತೋರಿಸುತ್ತಿತ್ತು. ಸಿ.ಎಸ್.ವಿ. ಕಡತದಲ್ಲಿ ಫಾಂಟಿನ ಮಾಹಿತಿಗೆ ಜಾಗವಿಲ್ಲ. ಹೊರತೆಗೆದೊಡನೆ ಬಣ್ಣ ತೊಳೆದ ಯಕ್ಷಗಾನದ ಪಾತ್ರಧಾರಿಯಂತೆ ಒಳಗಿನದು ಕಾಣಿಸಿಕೊಳ್ಳುತ್ತದೆ. ಯೂನಿಕೋಡಿನಲ್ಲಾದರೋ ಕನ್ನಡಕ್ಕೆಂದೇ 128 ಸ್ಥಾನಗಳ ಪ್ರತ್ಯೇಕ ವಿಭಾಗವಿದೆ. ಅಲ್ಲಿ ‘ಕ’ ಯಾವ ಫಾಂಟಿನಲ್ಲಿದ್ದರೂ ‘ಕ’ವೇ. ಹಳೆಯ ಕಡತವನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ತಂದು, ಹೊರತೆಗೆಯುವಾಗಲೂ ಒಳಸೇರಿಸುವಾಗಲೂ ಯು.ಟಿ.ಎಫ್-8 ಎಂಬ ಒಂದೇ ಸಂಕೇತಕ್ರಮವನ್ನು ಆರಿಸಿದ ಮೇಲೆ ಕನ್ನಡ ಮರಳಿ ಬಂತು.

ಆಗ ಅವನು ಹೇಳಿದ ಒಂದು ಮಾತನ್ನು ನಾನು ಬರೆದಿಟ್ಟುಕೊಂಡಿದ್ದೇನೆ. ಅಕ್ಷರಗಳು ಗೋಜಲಾಗಿ ಕಂಡರೆ ಹೆದರಬೇಕಿಲ್ಲ. ಮಾಹಿತಿ ಒಳಗಿದೆ, ಓದುವ ಕ್ರಮ ತಪ್ಪಿದೆ, ಬಹುಮಟ್ಟಿಗೆ ಸರಿಪಡಿಸಬಹುದು. ಆದರೆ ಅಕ್ಷರಗಳಿದ್ದಲ್ಲೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಎಚ್ಚರ ವಹಿಸಬೇಕು. ಕನ್ನಡವನ್ನು ಹಿಡಿದಿಡಲಾರದ ಸಂಕೇತಕ್ರಮದಲ್ಲಿ ಉಳಿಸಿದಾಗ ಪ್ರತಿ ಅಕ್ಷರದ ಜಾಗದಲ್ಲೂ ನಿಜಕ್ಕೂ ಪ್ರಶ್ನಾರ್ಥಕ ಚಿಹ್ನೆಯೇ ಬಂದು ಕೂರುತ್ತದೆ. ಆ ಕಡತದಿಂದ ಮೂಲವನ್ನು ಯಾರೂ ಹಿಂದಿರುಗಿಸಲಾರರು. ಆದ್ದರಿಂದ ಮೂಲ ಕಡತವನ್ನು ಎಂದೂ ಮುಟ್ಟದೆ, ಪ್ರತಿಯೊಂದರ ಮೇಲೆ ಮಾತ್ರ ಕೆಲಸ ಮಾಡಬೇಕು.

ಎರಡನೆಯ ತೊಡಕು ಅಲ್ಪವಿರಾಮದ್ದು. ಸಿ.ಎಸ್.ವಿ. ಕಡತದಲ್ಲಿ ಒಂದು ಕಲಮಿನಿಂದ ಇನ್ನೊಂದನ್ನು ಬೇರ್ಪಡಿಸುವುದು ಅಲ್ಪವಿರಾಮ. ವಿಳಾಸದೊಳಗೇ ‘ದೇವಸ್ಥಾನದ ಬೀದಿ, ಕೆಳಗಿನ ಕೇರಿ’ ಎಂದಿದ್ದರೆ ಯಂತ್ರ ಅದನ್ನು ಎರಡು ಕಲಮುಗಳೆಂದು ತಿಳಿದು, ಮುಂದಿನದೆಲ್ಲವನ್ನೂ ಒಂದೊಂದು ಮನೆ ಆಚೆ ತಳ್ಳುತ್ತದೆ. ಜನ್ಮದಿನಾಂಕದ ಜಾಗದಲ್ಲಿ ಕೆಳಗಿನ ಕೇರಿ ಕುಳಿತಾಗ ಯಂತ್ರ ಸಹಜವಾಗಿಯೇ ನಿರಾಕರಿಸಿತು. ಇದಕ್ಕೆ ಪರಿಹಾರ, ಅಂಥ ಪಠ್ಯವನ್ನು ಉದ್ಧರಣ ಚಿಹ್ನೆಗಳೊಳಗೆ ಇಡುವುದು. ಆದರೂ ಒಂದು ಕಡತ ಎಲ್ಲಿಯೋ ಸಿಕ್ಕಿಕೊಂಡು ಮುಂದೆ ಸಾಗಲಿಲ್ಲ. ದೋಷ ಸೂಚಿಸುವ ಸಂದೇಶಗಳು ನೂರಾರು ಬಂದಿದ್ದವು. "ಕೊನೆಯದನ್ನು ನೋಡಬೇಡಿ ಸಾರ್, ಮೊದಲನೆಯದನ್ನು ಓದಿ, ಮಿಕ್ಕವೆಲ್ಲ ಅದರ ಮಕ್ಕಳು" ಎಂದ. ಮೊದಲನೆಯದೂ ಅರ್ಥವಾಗದಿದ್ದಾಗ, ಸುಮಾರು ಎರಡು ಸಾವಿರ ಸಾಲುಗಳ ಆ ಕಡತವನ್ನು ಎರಡು ಭಾಗ ಮಾಡಿ, ಕೆಡುವ ಭಾಗವನ್ನು ಮತ್ತೆ ಎರಡು ಮಾಡಿ, ಹೀಗೆಯೇ ಸಾಗಿದೆವು. ಹನ್ನೊಂದು ಸಲ ಅರ್ಧ ಮಾಡುವಷ್ಟರಲ್ಲಿ ಒಂದೇ ಸಾಲು ಉಳಿಯುತ್ತದೆ. ಎರಡರ ಹನ್ನೊಂದನೆಯ ಘಾತ 2048 ಎಂದು ಮೂವತ್ತೈದು ವರ್ಷ ಕಪ್ಪುಹಲಗೆಯ ಮೇಲೆ ಬರೆದವನಿಗೆ ಅದರ ಪ್ರಯೋಜನ ಕಣ್ಣಿಗೆ ಕಂಡದ್ದು ನಿವೃತ್ತನಾದ ಮೇಲೆ! ಆ ಸಾಲಿನಲ್ಲಿ ಯಾರೋ ತೆರೆದ ಉದ್ಧರಣ ಚಿಹ್ನೆಯನ್ನು ಮುಚ್ಚಿರಲಿಲ್ಲ.

ಮೂರನೆಯದು ಊರಿನ ಹೆಸರು. ಡೇಟಾಬೇಸಿನಲ್ಲಿ ಊರುಗಳ ಪಟ್ಟಿ ಬೇರೆ, ವಿದ್ಯಾರ್ಥಿಗಳ ಪಟ್ಟಿ ಬೇರೆ. ಊರುಗಳ ಪಟ್ಟಿಯಲ್ಲಿಲ್ಲದ ಊರಿನ ವಿದ್ಯಾರ್ಥಿಯನ್ನು ಅದು ಒಳಗೆ ಬಿಡುವುದಿಲ್ಲ. ಆದ್ದರಿಂದ ಊರುಗಳನ್ನು ಮೊದಲು ಸೇರಿಸಬೇಕು. ಸೇರಿಸಿದ್ದೆವು. ಆದರೂ ಕೆಂಪನಹಳ್ಳಿಯ ಕೆಲವು ಮಕ್ಕಳನ್ನು ನಿರಾಕರಿಸಿತು. ಪಟ್ಟಿಯಲ್ಲಿ ಕೆಂಪನಹಳ್ಳಿ ಎದ್ದು ಕಾಣುತ್ತಿದೆ! ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ತಿಳಿದದ್ದು ಇಷ್ಟು: ಟೈಪು ಮಾಡಿದವರೊಬ್ಬರು ಅನುಸ್ವಾರದ ಬದಲು ಕನ್ನಡದ ಸೊನ್ನೆಯನ್ನು ಒತ್ತಿದ್ದರು. ‘ಕೆ೦ಪನಹಳ್ಳಿ’, ‘ಕೆಂಪನಹಳ್ಳಿ’. ನೋಡುವ ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಒಂದು ಅಕ್ಷರ, ಇನ್ನೊಂದು ಅಂಕಿ. ‘ರಾಜ್‌ಕುಮಾರ್’ ಎಂದು ಒತ್ತಕ್ಷರವಾಗದಂತೆ ಬರೆಯುವಾಗ ನಡುವೆ ಸೇರುವ, ಕಣ್ಣಿಗೆ ಕಾಣದ ಸಂಕೇತವೂ ಇಂಥದೇ ಪೇಚಿಗೆ ಸಿಲುಕಿಸಿತು. ಕಂಡದ್ದೆಲ್ಲ ಸತ್ಯವಲ್ಲವೆಂದು ವೇದಾಂತಿಗಳು ಹೇಳುವುದನ್ನು ಕೇಳಿದ್ದೆ, ಗಣಕವೂ ಹೇಳಿತು.

ನಾಲ್ಕನೆಯದೇ ದಿನಾಂಕ. ಒಂದು ಸಂಜೆ ಪಟ್ಟಿಯ ಮೇಲೆ ಕಣ್ಣಾಡಿಸುತ್ತಿದ್ದಾಗ ಬೆರಗಾದೆ. ನಮ್ಮ ಮಕ್ಕಳಲ್ಲಿ ಅಸಂಖ್ಯಾತರು ಜನವರಿ 6ರಂದು ಹುಟ್ಟಿದ್ದರು! ನಾವು 01-06 ಎಂದು ದಿನವನ್ನು ಮೊದಲು, ತಿಂಗಳನ್ನು ಅನಂತರ ಬರೆದಿದ್ದೆವು. ಸ್ಪ್ರೆಡ್‌ಶೀಟು ಅಮೆರಿಕದ ಪದ್ಧತಿಗೆ ಹೊಂದಿಸಿದ್ದಾಗಿದ್ದು, ತಿಂಗಳು ಮೊದಲೆಂದು ಓದಿಕೊಂಡಿತ್ತು. ದಿನದ ಅಂಕಿ ಹನ್ನೆರಡನ್ನು ಮೀರಿದ್ದರೆ ಹದಿಮೂರನೆಯ ತಿಂಗಳಿಲ್ಲವೆಂದು ಅದನ್ನು ದಿನಾಂಕವಾಗಿ ಓದುವುದಿಲ್ಲ. ಹನ್ನೆರಡರೊಳಗಿದ್ದರೆ ಸದ್ದಿಲ್ಲದೆ ತಿರುಗಿಸಿ ಒಪ್ಪಿಕೊಳ್ಳುತ್ತದೆ. ಕಾಪಾಡಿದ್ದು ಹಳೆಯ ಗುಮಾಸ್ತರ ಕ್ರಮ. ದಾಖಲಾತಿ ರಿಜಿಸ್ಟರಿನಲ್ಲಿ ಜನ್ಮದಿನಾಂಕವನ್ನು ಅಂಕಿಗಳಲ್ಲಿಯೂ ಅಕ್ಷರಗಳಲ್ಲಿಯೂ ಬರೆಯಬೇಕು. ‘ಒಂದನೇ ಜೂನ್ ಸಾವಿರದ ಒಂಬೈನೂರ ಎಪ್ಪತ್ತನಾಲ್ಕು’ ಎಂದಿರುವಾಗ ಯಾವ ದೇಶದ ಪದ್ಧತಿಯೂ ಅದನ್ನು ತಿರುಚಲಾರದು. ಎಲ್ಲ ದಿನಾಂಕಗಳನ್ನೂ ವರ್ಷ, ತಿಂಗಳು, ದಿನ ಎಂಬ ಕ್ರಮಕ್ಕೆ ತಂದು, ಪಠ್ಯವೆಂದೇ ಘೋಷಿಸಿ ಸಾಗಿಸಿದೆವು.

ಕಟ್ಟಕಡೆಗೆ ಎಲ್ಲ ಕಡತಗಳೂ ಒಳಸೇರಿದವು. ಯಂತ್ರ ಯಶಸ್ವಿಯಾಯಿತೆಂದು ಸಾರಿತು. ನಾವೂ ನಂಬಿದೆವು. ಮಹೋತ್ಸವದಂದು ವೇದಿಕೆಯ ಮೇಲೆ ಚಪ್ಪಾಳೆಯೂ ಆಯಿತು. ಹಳೆಯ ರಿಜಿಸ್ಟರುಗಳನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಎರಡು ತಿಂಗಳು ಕಳೆದಿರಬೇಕು. ಒಂದು ಭಾನುವಾರ ಬೆಳಗ್ಗೆ ಸುಮಾರು ಐವತ್ತರ ಹೆಂಗಸೊಬ್ಬರು ನಮ್ಮ ಮನೆಯ ಜಗಲಿಗೆ ಬಂದು ನಿಂತರು. ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಹದಿನಾರು ವರ್ಷ ಹೊಲಿಗೆಯ ಕೆಲಸ ಮಾಡಿ, ಬೆನ್ನುನೋವಿನಿಂದ ಬಿಟ್ಟವರು. ಭವಿಷ್ಯನಿಧಿಯ ಹಣ ಬರಬೇಕು. ಕಾರ್ಖಾನೆಯ ದಾಖಲೆಯಲ್ಲೊಂದು ಜನ್ಮದಿನಾಂಕ, ಆಧಾರಿನಲ್ಲೊಂದು. ಶಾಲೆಯ ದಾಖಲೆ ತಂದರೆ ಸರಿಪಡಿಸಬಹುದೆಂದು ಯಾರೋ ಹೇಳಿದ್ದರು. ಶಾಲೆಯ ಕಚೇರಿಗೆ ಹೋದರೆ ಅಲ್ಲಿನವರು ಹೊಸ ಡೇಟಾಬೇಸಿನಲ್ಲಿ ಹುಡುಕಿದರು. ಅದೇ ಹೆಸರು, ಅದೇ ತಂದೆಯ ಹೆಸರು, ಅದೇ ಜೂನ್ 1, 1974. ಆದರೆ ಊರು ಬೇರೆ, ಹತ್ತನೆಯ ತರಗತಿ ಉತ್ತೀರ್ಣ ಎಂದಿತ್ತು. ಅದನ್ನೇ ಬರೆದುಕೊಡಲು ಹೊರಟಾಗ ಈಕೆ, "ಅದು ನಾನಲ್ಲ, ನಾನು ಒಂಬತ್ತಕ್ಕೇ ಬಿಟ್ಟೋಳು" ಎಂದರಂತೆ. ಹಾಗಾದರೆ ನಿಮ್ಮ ದಾಖಲೆಯೇ ಇಲ್ಲ ಎಂಬ ಉತ್ತರ ಬಂತು.

"ಸಾರ್, ನಾನು ಇಸ್ಕೂಲಿಗೆ ಬಂದೇ ಇಲ್ಲ ಅಂತಾರೆ" ಎಂದು ನನ್ನ ಮುಖ ನೋಡಿದರು.

ನನಗೆ ಗುರುತು ಸಿಗಲಿಲ್ಲ. ಅದನ್ನು ಒಪ್ಪಿಕೊಳ್ಳಲು ಸಂಕೋಚವೇನಿಲ್ಲ. ಸಾವಿರಾರು ಮಕ್ಕಳ ಮುಖಗಳು. ಅವರೇ ನೆರವಿಗೆ ಬಂದರು. "ನಾನು ಚಿಕ್ಕೋಳು ಸಾರ್. ನೀವು ದೊಡ್ಡೋಳು ಚಿಕ್ಕೋಳು ಅಂತ ಕರೀತಿದ್ರಲ್ಲ." ಆಗ ನೆನಪಾಯಿತು. 1987ರ ಎಂಟನೆಯ ತರಗತಿ. ಒಂದೇ ಹೆಸರಿನ ಇಬ್ಬರು ಹುಡುಗಿಯರು. ತಂದೆಯರ ಹೆಸರೂ ಒಂದೇ. ಹಾಜರಿ ಕರೆಯುವಾಗ ಇಬ್ಬರೂ ಒಟ್ಟಿಗೆ ‘ಎಸ್ ಸಾರ್’ ಎನ್ನುತ್ತಿದ್ದರು. ಎತ್ತರ ನೋಡಿ ನಾನೇ ದೊಡ್ಡವಳು, ಚಿಕ್ಕವಳು ಎಂದು ಬೇರೆ ಮಾಡಿದ್ದೆ. ಚಿಕ್ಕವಳು ಮೂರನೆಯ ಬೆಂಚಿನ ತುದಿಯಲ್ಲಿ ಕೂರುತ್ತಿದ್ದಳು. ಲೆಕ್ಕದಲ್ಲಿ ಚುರುಕು.

ಅವರಿಗೆ ಕಾಫಿ ಕೊಡಿಸಿ, ಆ ಕ್ಷಣವೇ ಬೆಂಗಳೂರಿಗೆ ಫೋನು ಮಾಡಿದೆ. "ಒಟ್ಟು ಎಷ್ಟು ಸಾಲು ಸೇರಿವೆ ನೋಡಪ್ಪಾ" ಎಂದೆ. 5,099 ಎಂದ. ಟೈಪು ಮಾಡಿದ ಕಡತಗಳಲ್ಲಿ ಎಷ್ಟಿತ್ತು? 5,126. ಇಪ್ಪತ್ತೇಳು ಸಾಲುಗಳು ಕಾಣೆ. ಅತ್ತ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ.

ಕಾರಣ ಸಿಕ್ಕಿತು. ಹಲವರು ಹಂಚಿಕೊಂಡು ಟೈಪು ಮಾಡುವುದರಿಂದ ಒಬ್ಬರೇ ಎರಡು ಸಲ ಬರಬಾರದೆಂದು, ಹೆಸರು, ತಂದೆಯ ಹೆಸರು, ಜನ್ಮದಿನಾಂಕ ಈ ಮೂರೂ ಒಂದೇ ಆಗಿದ್ದರೆ ಎರಡನೆಯದನ್ನು ಬಿಟ್ಟುಬಿಡು ಎಂದು ಅವನು ಆದೇಶ ಕೊಟ್ಟಿದ್ದ. ಬಿಟ್ಟದ್ದಕ್ಕಾಗಿ ಕೆಲಸ ನಿಲ್ಲಿಸಬೇಡ ಎಂದೂ ಹೇಳಿದ್ದ. ಯಂತ್ರ ಹೇಳಿದಂತೆ ಕೇಳಿತು. ರಿಜಿಸ್ಟರುಗಳನ್ನು ಬಿಚ್ಚಿ ತಾಳೆ ನೋಡಿದೆವು. ಇಪ್ಪತ್ನಾಲ್ಕು ಸಾಲುಗಳು ನಡುವೆ ಶಾಲೆ ಬಿಟ್ಟು ಮತ್ತೆ ಸೇರಿದ ಮಕ್ಕಳವು. ಅವರ ಮೊದಲ ದಾಖಲೆಯಾದರೂ ಇತ್ತು. ಮೂವರು ಮಾತ್ರ ನಿಜವಾಗಿಯೂ ಬೇರೆ ಮಕ್ಕಳು. ಮೂವರ ಜನ್ಮದಿನವೂ ಜೂನ್ ಒಂದು. ಹುಟ್ಟಿದ ದಿನವನ್ನು ವಿಚಾರಿಸದೆ ನಮ್ಮ ಅನುಕೂಲಕ್ಕೆ ನಾವು ಬರೆದ ದಿನಾಂಕವೇ, ಎರಡು ಜೀವಗಳನ್ನು ಒಂದೆಂದು ನಂಬುವಂತೆ ಯಂತ್ರಕ್ಕೆ ಸಾಕ್ಷಿ ನುಡಿದಿತ್ತು.

ಇಂಥ ಪ್ರಮಾದ ನಮ್ಮಂಥ ಹವ್ಯಾಸಿಗಳಿಗೆ ಮಾತ್ರ ಆಗುವಂಥದಲ್ಲ. 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ ಇಂಗ್ಲೆಂಡಿನಲ್ಲಿ 15,841 ಕೊರೋನಾ ಸೋಂಕಿತರ ವಿವರ ಸಕಾಲಕ್ಕೆ ಲೆಕ್ಕಕ್ಕೆ ಬರಲಿಲ್ಲ. ಪ್ರಯೋಗಾಲಯಗಳಿಂದ ಬಂದ ಮಾಹಿತಿಯನ್ನು ಹಳೆಯ ಮಾದರಿಯ ಸ್ಪ್ರೆಡ್‌ಶೀಟಿಗೆ ತುಂಬುತ್ತಿದ್ದರು. ಅದರಲ್ಲಿ 65,536 ಸಾಲುಗಳಿಗಷ್ಟೇ ಸ್ಥಳ. ಮಿಕ್ಕದ್ದು ಹೊರಗುಳಿಯಿತು. ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ಅಷ್ಟು ದಿನ ತಡವಾಯಿತು. ಕೂಗಿ ಹೇಳುವ ದೋಷ ಒಳ್ಳೆಯದು. ಕೆಲಸ ನಿಲ್ಲಿಸುತ್ತದೆ, ನಾವು ಬೈದುಕೊಂಡಾದರೂ ಸರಿಪಡಿಸುತ್ತೇವೆ. ಮೌನವಾಗಿ ಬಿಟ್ಟು ಮುಂದೆ ಸಾಗುವ ದೋಷ ಅಪಾಯಕಾರಿ. ಹೊರಟದ್ದೆಷ್ಟು, ತಲುಪಿದ್ದೆಷ್ಟು ಎಂದು ಎಣಿಸುವುದೊಂದೇ ಅದಕ್ಕೆ ಮದ್ದು. ‘ಉತ್ತರ ಬಂತೆಂದು ಪುಸ್ತಕ ಮುಚ್ಚಬೇಡಿ, ತಾಳೆ ನೋಡಿ’ ಎಂದು ಸಾವಿರ ಸಲ ಮಕ್ಕಳಿಗೆ ಹೇಳಿದವನು ನಾನು. ಚಪ್ಪಾಳೆಯ ಸಂಭ್ರಮದಲ್ಲಿ ನಾನೇ ಪುಸ್ತಕ ಮುಚ್ಚಿದ್ದೆ.

ಈಗ ಹೊಸ ವ್ಯವಸ್ಥೆಯಲ್ಲಿ ದಾಖಲಾತಿಯ ವರ್ಷವನ್ನೂ ಆ ವರ್ಷದ ಅನುಕ್ರಮ ಸಂಖ್ಯೆಯನ್ನೂ ಸೇರಿಸಿ ಗುರುತಾಗಿ ಇಟ್ಟಿದ್ದೇವೆ. ರಿಜಿಸ್ಟರಿನಲ್ಲಿ ಪ್ರತಿ ವರ್ಷ ಸಂಖ್ಯೆ ಒಂದರಿಂದ ಆರಂಭವಾಗುತ್ತಿದ್ದುದರಿಂದ ಸಂಖ್ಯೆಯನ್ನು ಮೊದಲು ಕೈಬಿಟ್ಟಿದ್ದೆವು. ವರ್ಷ ಸೇರಿದ ಮೇಲೆ ಯಾರೂ ಯಾರೊಂದಿಗೂ ಬೆರೆಯುವುದಿಲ್ಲ. ಕಡತವನ್ನು ಮೊದಲು ಎಲ್ಲವೂ ಪಠ್ಯವೆಂದು ಸ್ವೀಕರಿಸುವ ತಾತ್ಕಾಲಿಕ ಕೋಷ್ಟಕಕ್ಕೆ ಇಳಿಸಿ, ಪರೀಕ್ಷಿಸಿ, ಬಳಿಕ ಒಳಗೆ ಕಳಿಸುತ್ತೇವೆ. ನಿರಾಕೃತವಾದ ಸಾಲುಗಳು ಬೇರೊಂದು ಪಟ್ಟಿಗೆ ಸೇರುತ್ತವೆ. ಆ ಪಟ್ಟಿಯನ್ನು ಮನುಷ್ಯನೊಬ್ಬ ಓದಬೇಕು ಎಂದು ನಿಯಮ ಮಾಡಿದ್ದೇವೆ. ಆ ಮನುಷ್ಯ ಸದ್ಯಕ್ಕೆ ನಾನೇ.

ಆ ಹೆಣ್ಣುಮಗಳ ವಿಷಯಕ್ಕೆ ಬರುತ್ತೇನೆ. ಮರುದಿನವೇ ಮುಖ್ಯೋಪಾಧ್ಯಾಯರನ್ನು ಕಂಡು ಬೀರು ತೆಗೆಸಿದೆವು. 1987-88ರ ಸಂಪುಟದಲ್ಲಿ ಅವರ ಹೆಸರಿತ್ತು. ತಂದೆ, ಊರು, ಅಕ್ಷರಗಳಲ್ಲಿ ಬರೆದ ಜನ್ಮದಿನಾಂಕ ಎಲ್ಲವೂ ಸ್ಪಷ್ಟ. ಕೊನೆಯ ಕಲಮಿನಲ್ಲಿ, ಕೆಂಪು ಮಸಿಯಲ್ಲಿ, ‘ಒಂಬತ್ತನೇ ತರಗತಿ. ದೀರ್ಘ ಗೈರುಹಾಜರಿ. ಹೆಸರು ತೆಗೆಯಲಾಗಿದೆ’ ಎಂದಿತ್ತು. ಅಕ್ಷರ ನನ್ನದೇ. ಆ ವರ್ಷ ಗುಮಾಸ್ತರ ಹುದ್ದೆ ಖಾಲಿಯಿದ್ದು ರಿಜಿಸ್ಟರಿನ ಕೆಲಸವೂ ನನ್ನ ಮೇಲಿತ್ತು.

ಅವರೂ ನನ್ನ ಪಕ್ಕದಲ್ಲಿ ನಿಂತು ಅದನ್ನು ಓದಿದರು. ಅಂದು ಏನಾಗಿತ್ತೆಂದು ಮೂವತ್ತೈದು ವರ್ಷಗಳ ಮೇಲೆ ಮೊದಲ ಸಲ ಕೇಳಿದೆ. ತಾಯಿಗೆ ಕಾಯಿಲೆ, ಕೆಳಗೆ ಮೂವರು ತಮ್ಮಂದಿರು, ಮನೆಯ ಕೆಲಸಕ್ಕೆ ಬೇರೆ ಯಾರೂ ಇರಲಿಲ್ಲ. "ಯಾರಾದ್ರೂ ಬಂದು ಕರೀತಾರೆ ಅಂದ್ಕೊಂಡಿದ್ದೆ ಸಾರ್" ಎಂದರು. ದೂರಿನ ಧ್ವನಿಯಿರಲಿಲ್ಲ. ಅವರ ಊರು ಶಾಲೆಯಿಂದ ನಾಲ್ಕು ಕಿಲೋಮೀಟರು. ನನ್ನ ಬಳಿ ಆಗಲೇ ಸೈಕಲ್ ಇತ್ತು.

ಯಂತ್ರದ ಬಗೆಗೆ ನನಗಿದ್ದ ಸಿಟ್ಟು ಆ ಹೊತ್ತಿಗೆ ಇಳಿದುಹೋಯಿತು. ನಿಯಮಕ್ಕೆ ಹೊಂದದ ಒಂದು ಸಾಲನ್ನು ಸದ್ದಿಲ್ಲದೆ ಬಿಟ್ಟು, ಕೆಲಸ ಯಶಸ್ವಿಯಾಯಿತೆಂದು ವರದಿ ಕೊಡುವುದನ್ನು ಅದಕ್ಕಿಂತ ಎಷ್ಟೋ ಮೊದಲೇ ನಾನು ಮಾಡಿದ್ದೆ. ಆ ವರ್ಷದ ತರಗತಿಯ ಫಲಿತಾಂಶ ಚೆನ್ನಾಗಿ ಬಂದಿತ್ತೆಂದು ಹೆಮ್ಮೆಯನ್ನೂ ಪಟ್ಟಿದ್ದೆ. ಬಿಟ್ಟುಹೋದವರು ಆ ಲೆಕ್ಕದಲ್ಲಿ ಇರಲೇ ಇಲ್ಲವಲ್ಲ.

ಮುಖ್ಯೋಪಾಧ್ಯಾಯರು ಮೂಲ ರಿಜಿಸ್ಟರನ್ನು ನೋಡಿ ಅಂದೇ ಪ್ರಮಾಣಪತ್ರ ಬರೆದು, ಸಹಿ ಮಾಡಿ, ಮೊಹರು ಹಾಕಿಕೊಟ್ಟರು. ಕೆಲವು ತಿಂಗಳ ಬಳಿಕ ಹಣ ಬಂತೆಂದು ಫೋನು ಮಾಡಿ ತಿಳಿಸಿದರು. ‘ದುಡ್ಡಿಗಿಂತ, ಪುಸ್ತಕದಲ್ಲಿ ನನ್ನ ಹೆಸರು ಇತ್ತಲ್ಲ ಸಾರ್’ ಎಂದು ಸೇರಿಸಿದರು.

ಈಗಲೂ ತಿಂಗಳಿಗೊಮ್ಮೆ ಶಾಲೆಗೆ ಹೋಗಿ ನಿರಾಕೃತ ಸಾಲುಗಳ ಪಟ್ಟಿಯನ್ನು ಓದುತ್ತೇನೆ. ಹೆಚ್ಚೇನಿರುವುದಿಲ್ಲ, ಒಂದೆರಡು ಅಲ್ಪವಿರಾಮ, ಒಂದು ಸೊನ್ನೆ, ಒಂದು ದಿನಾಂಕ. ಓದುಗರಲ್ಲಿ ಯಾರಾದರೂ ತಮ್ಮ ಶಾಲೆಯ, ಸಂಘದ ದಾಖಲೆಗಳನ್ನು ಗಣಕಕ್ಕೆ ಏರಿಸುವ ಸತ್ಕಾರ್ಯದಲ್ಲಿ ತೊಡಗಿದ್ದರೆ ನನ್ನದೊಂದು ಬಿನ್ನಹ. ಕೆಲಸ ಮುಗಿಯಿತೆಂದು ಯಂತ್ರ ಹೇಳಿದ ಮೇಲೆಯೂ ಒಮ್ಮೆ ಎಣಿಸಿ. ಹಳೆಯ ರಿಜಿಸ್ಟರನ್ನು ಮಾತ್ರ ದಯವಿಟ್ಟು ರದ್ದಿಗೆ ಹಾಕಬೇಡಿ.